ಮೂಲೆ ಹರಿದ ಕಾಗದ

ಕುವೈತ್
8-8-1985, ಗುರುವಾರ

ಗೆಳತಿ ಸೂಗಮ್ಮಳಿಗೆ ನಿನ್ನ ಕುಬ್ರಾಳ ಸಲಾಮು.

ನಾನಿಲ್ಲಿ ಆರಾಮ ಇದ್ದೇನೆ ಎಂದು ಒಂದು ಸಾಲು, ನೀವೆಲ್ಲ ಅಲ್ಲಿ ಆರಾಮ ಇದ್ದೀರೆಂದು ನಂಬಿದ್ದೇನೆ ಎಂದು ಇನ್ನೊಂದು ಸಾಲು. ದೇವದುರ್ಗದ ಸಾಲಿಯಲ್ಲಿ ಶರಣಯ್ಯ ಮಾಸ್ತರರು ನಮಗಿಬ್ಬರಿಗೂ ಕಲಿಸಿದ್ದು ಹಾಗೆ. ಇವತ್ತು ಎರಡನೆಯ ಸಾಲು ಬರೆಯಲು ಕೈ ಏಳುತ್ತಿಲ್ಲ. ತಡ ಮಾಡಿದೆ ಎಂದು ಸಿಟ್ಟಾಗಬೇಡ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು, ನಾನಿನ್ನೂ ಒಡೆದಿಲ್ಲ.

ಅದರ ಮೂಲೆ ಹರಿದಿದೆ, ಸೂಗಿ.

ನೆನಪಿದೆಯಾ, ಜಾಲಹಳ್ಳಿಯಲ್ಲಿ ನಿಮ್ಮ ಅಜ್ಜಿ ಸತ್ತಾಗ ಮೂಲೆ ಹರಿದ ಕಾರ್ಡು ಬಂದಿತ್ತು. ನಿಮ್ಮಪ್ಪ ಪಕೀರಪ್ಪ ಅದನ್ನು ನೋಡಿದ ಕೂಡಲೇ ಹೊಸ್ತಿಲು ಇಳಿದು ಬೀದಿಗೆ ಹೋಗಿ ನಿಂತು ಓದಿದರು. ಚೂರು ಚೂರು ಹರಿದು ಚೆಲ್ಲಿ, ಕಾಲು ತೊಳೆದುಕೊಂಡೇ ಒಳಗೆ ಬಂದರು. ನಾವಿಬ್ಬರೂ ಕಟ್ಟೆಯ ಮೇಲೆ ಕವಡೆ ಆಡುತ್ತಿದ್ದೆವು. ನಾನು ನಮ್ಮ ಮನೆಗೆ ಓಡಿಹೋಗಿ ಅಮ್ಮಿಯನ್ನು ಕೇಳಿದೆ. "ಸಾವಿನ ಕಾಗದ ಮನಿ ಒಳಗ ತರಬಾರದು ಬೇಟಿ, ತಂದ್ರ ಇನ್ನೊಂದು ಬರ್ತದ" ಅಂದಳು. ಆಚಾರ ನಿಮ್ಮದಾದರೂ ಅಂಜಿಕೆ ಓಣಿಗೆಲ್ಲ ಒಂದೇ ಆಗಿತ್ತು.

ನಿನ್ನ ಕಾಗದ ತಂದವರು ಅಮೀರ್ ಸಾಬರು. ನಾನು ಕೆಲಸಕ್ಕಿರುವ ಈ ಮನೆಯ ಡ್ರೈವರ್, ನಮ್ಮ ಮಾನವಿಯವರು. ಊರ ಕಾಗದ ಬಂತೆಂದರೆ ಮೆಟ್ಟಿಲಿನಿಂದಲೇ "ತಂಗಿ, ದೇವದುರ್ಗ ಬಂತು, ಇಳೀರಿ ಇಳೀರಿ" ಎಂದು ಕಂಡಕ್ಟರನಂತೆ ಕೂಗಿ ನಗಿಸುವವರು. ಅವತ್ತು ಕೂಗಲಿಲ್ಲ. ಕೈಗೂ ಕೊಡಲಿಲ್ಲ. ಹೊಸ್ತಿಲಿನ ಆಚೆ ನೆಲದ ಮೇಲಿಟ್ಟು, "ಸಬೂರ್ ಮಾಡು ತಂಗಿ" ಅಂದು ತಲೆ ತಗ್ಗಿಸಿ ಇಳಿದುಹೋದರು.

ಹೊರಗೆ ನಿಂತು ಓದೋಣವೆಂದರೆ ಇಲ್ಲಿ ಹೊರಗೇ ಇಲ್ಲ. ಏಳನೆಯ ಅಂತಸ್ತು. ಬಾಗಿಲಾಚೆ ನಿಲ್ಲಲು ನನಗೆ ಹುಕುಂ ಇಲ್ಲ, ಯಜಮಾನತಿ ಹಿಂದೆಯೇ ನಿಂತಿದ್ದಳು. ಒಳಗಿಡೋಣವೆಂದರೆ ಈ ಮನೆಯಲ್ಲೂ ಒಂದು ಕೂಸಿದೆ. ಪರರ ಕೂಸಿಗೆ ನನ್ನಿಂದ ಕೇಡಾಗಬಾರದು. ಎರಡೇ ಬೆರಳಲ್ಲಿ ಹಿಡಿದು ಓಡಿ, ಅಡುಗೆಮನೆಯ ಕಿಟಕಿಯ ಹೊರಗಿನ ಸಜ್ಜೆಯ ಮೇಲಿಟ್ಟು, ಅದರ ಮೇಲೆ ಎಣ್ಣೆ ಡಬ್ಬಿ ಹೇರಿದೆ. ಈಗ ದಿನವೆಲ್ಲ ಗಾಳಿಗೆ ಆ ಹರಿದ ಅಂಚು ಪಟಪಟ ಅನ್ನುತ್ತದೆ. ಒಗ್ಗರಣೆ ಹಾಕುವಾಗಲೂ ಕೇಳುತ್ತದೆ.

ನನ್ನ ಸುದ್ದಿ ಏನು ಹೇಳಲಿ. ರಾಯಚೂರಿನ ಬಿಸಿಲು ಉಂಡು ಬೆಳೆದವಳು ಇಲ್ಲಿ ಎ.ಸಿ. ಚಳಿಗೆ ಶಾಲು ಹೊದ್ದು ಕೆಲಸ ಮಾಡುತ್ತೇನೆ. ಜೋಳದ ರೊಟ್ಟಿ ತಿನ್ನದೆ ಹನ್ನೊಂದು ತಿಂಗಳು. ಊರು ನೆನೆದು ಅಳು ಬಂದರೆ ಒಂದು ಉಪಾಯ ಮಾಡಿಕೊಂಡಿದ್ದೆ. ನೆಲ ಒರೆಸುವಾಗ ಒಳಕೋಣೆಯನ್ನು ದೇವದುರ್ಗ ಮಾಡುತ್ತಿದ್ದೆ. ಊಟದ ಮೇಜಿನ ಹತ್ತಿರ ಮಸರಕಲ್, ಸೋಫಾ ದಾಟಿದರೆ ಗಬ್ಬೂರು, ಹೊರಬಾಗಿಲು ಬಂದರೆ ರಾಯಚೂರು. ದಿನಾ ಒಂದು ಸಲ ನಮ್ಮ ಬಸ್ಸಿನ ದಾರಿ ಪೂರಾ ತಿರುಗುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು. ಈಗ ಹನ್ನೆರಡು ದಿನದಿಂದ ಒಳಕೋಣೆಗೆ ಕಾಲಿಡಲೂ ಅಂಜಿಕೆ. ಬಟ್ಟೆ ಹಿಂಡಿ ಸುಮ್ಮನೆ ಒರೆಸಿ ಬರುತ್ತೇನೆ.

ಯಾರು ಹೋದರು, ಸೂಗಿ? ನಾನು ಹೊರಟಾಗಲೇ ಅಮ್ಮಿಯ ಕೆಮ್ಮು ಓಣಿಯ ತುದಿಗೆ ಕೇಳುತ್ತಿತ್ತು. ನನ್ನ ಕೂಸು ಶಹಜಾದಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಅವಳ ಅಪ್ಪ ಸೈಫುದ್ದೀನ್ ನಮ್ಮನ್ನು ಬಿಟ್ಟುಹೋದವನು, ಅವನಿಗಾಗಿ ನೀನು ಮೂಲೆ ಹರಿಯುವವಳಲ್ಲ. ಅಂದರೆ ಇಬ್ಬರಲ್ಲಿ ಒಬ್ಬರು. ನಿನಗೊಬ್ಬಳಿಗೇ ಹೇಳುತ್ತೇನೆ, ಯಾರ ಮುಂದೂ ಆಡಬೇಡ. ಮೊನ್ನೆ ನಮಾಜಿನಲ್ಲಿ ನಾನು ಅಮ್ಮಿಯೇ ಆಗಿರಲಿ ಎಂದು ಬೇಡಿಕೊಂಡೆ. ಹೆತ್ತ ತಾಯಿಯ ಸಾವು ಬೇಡಿದ ಬಾಯಿ ಇದು. ಆಮೇಲೆ ಅನ್ನ ಇಳಿಯಲಿಲ್ಲ.

ಅಮೀರ್ ಸಾಬರು ನಿನ್ನೆ ಕೇಳಿದರು, "ಓದಿದೇನು ತಂಗಿ?" ಇಲ್ಲ ಅಂದೆ. "ಓದಲಿಲ್ಲಂದ್ರ ಹೋದವ್ರು ತಿರುಗಿ ಬರ್ತಾರೇನು?" ಅಂದರು. ಬರುವುದಿಲ್ಲ. ಆದರೆ ಓದುವ ತನಕ ಇಬ್ಬರೂ ನನ್ನ ಪಾಲಿಗೆ ಇದ್ದಾರೆ. ಶಹಜಾದಿ ಬೆಳಿಗ್ಗೆ ನಿನ್ನ ಮನೆಗೆ ಬರುತ್ತಾಳೆ, ಅಮ್ಮಿ ಬಾಗಿಲಲ್ಲಿ ಕೂತು ಅಡಿಕೆ ಕುಟ್ಟುತ್ತಾಳೆ.

ಶುಕ್ರವಾರ ಹಾಸಿಗೆ ಬಟ್ಟೆ ಒಣಹಾಕಲು ನನ್ನನ್ನು ಮಾಳಿಗೆಗೆ ಬಿಡುತ್ತಾರೆ. ಅದೊಂದೇ ನನ್ನ ಬೀದಿ. ಹೋದ ಶುಕ್ರವಾರ ಮರಳುಗಾಳಿ ಎದ್ದು ಬಾಗಿಲು ತೆಗೆಯಲಿಲ್ಲ. ಸುಳ್ಳೇಕೆ ಹೇಳಲಿ, ಹೋಗುವುದು ತಪ್ಪಿತೆಂದು ಒಳಗೊಳಗೇ ಖುಷಿಪಟ್ಟೆ. ನಾಳೆ ಆಕಾಶ ತಿಳಿಯಾಗಿರುತ್ತದಂತೆ. ಓದಿದ ಮೇಲೆ ಬರೆಯುವ ಸ್ಥಿತಿಯಲ್ಲಿ ಇರುತ್ತೇನೋ ಇಲ್ಲವೋ, ಅದಕ್ಕೇ ಇಷ್ಟನ್ನು ಇಂದೇ ಬರೆದಿಟ್ಟೆ.

ನನ್ನನ್ನು ಬಸ್ಸು ಹತ್ತಿಸುವಾಗ ನೀನು ಕೂಸನ್ನು ಬಗಲಿಗೆ ಹಾಕಿಕೊಂಡು ಹೇಳಿದ್ದೆ, "ಮಕ್ಕಳಿಲ್ಲದ ಮನಿ ನಂದು. ಹಗಲೆಲ್ಲ ನನ್ನ ಹತ್ರಾನ ಇರತಾಳ, ನೀ ಅಳಬ್ಯಾಡ ಹೋಗಬೇ" ಅಂತ. ಆ ಮಾತಿನ ಮೇಲೆಯೇ ನಾನು ಸಮುದ್ರ ದಾಟಿದ್ದು. ಏನಾಗಿದ್ದರೂ ನಿನ್ನ ಮೇಲೆ ನನಗೆ ಬೇಸರವಿಲ್ಲ.

ನಿನ್ನ ಕೈ ತಂಪಾಗಿರಲಿ, ನಿನ್ನ ಒಲೆ ಆರದಿರಲಿ. ಅಮ್ಮಿ ಇದ್ದರೆ ಅವಳ ಪಾದಕ್ಕೆ ನನ್ನ ಹಣೆ. ಶಹಜಾದಿ ಇದ್ದರೆ ಅವಳ ಎರಡೂ ಕೆನ್ನೆಗೆ ಮುತ್ತು.

ನಿನ್ನವಳೇ,
ಕುಬ್ರಾ

ತಾ.ಕ. 9-8-1985, ಶುಕ್ರವಾರ. ಮಾಳಿಗೆಯ ಮೇಲೆ ಒದ್ದೆ ಚಾದರದ ಮರೆಯಲ್ಲಿ ನಿಂತು ಓದಿದೆ. "ನಾ ಬರಿಯಾಕತ್ತಾಗ ನಿನ್ನ ಮಗಳು 'ಯವ್ವಾ ಕೊಡ ಬೇ' ಅಂತ ಕಸಗೊಂಡು ಮೂಲಿ ಕಡದಾಳ. ಪರದೇಶಕ್ಕ ಹಾಕೋ ಇಂಥ ನೀಲಿ ಕಾಗದ ಮತ್ತ ಬೇಕಂದ್ರ ರಾಯಚೂರಿಗೇ ಹೋಗಬೇಕು. ಎಲ್ಲಾರೂ ಚಂದ ಇದ್ದೀವಿ, ಹೆದರಬ್ಯಾಡ" ಅಂತ ಬರೆದಿದ್ದೀಯ. ಹೆದರಬೇಡ ಎಂದು ಒಳಗೆ ಬರೆದರೆ ಹೇಗೇ ಹುಚ್ಚಿ, ಹೊರಗೆ ಬರೆಯಬೇಕಿತ್ತು.

ಅಮೀರ್ ಸಾಬರಿಗೆ ಯಾರೂ ಸತ್ತಿಲ್ಲ ಅಂದೆ. ಶುಕರ್ ಅಂದು ಎರಡೂ ಕೈ ಎತ್ತಿದರು. ಆಮೇಲೆ ನನ್ನ ಮುಖ ನೋಡಿ, "ಮತ್ತ್ಯಾಕ ಅಳಾಕತ್ತಿ ತಂಗಿ?" ಅಂದರು.

ಕಾಗದವನ್ನು ಹರಿದು ಚೆಲ್ಲಲಿಲ್ಲ, ಒಳಗೇ ತಂದಿಟ್ಟುಕೊಂಡೆ. ಅಂಚಿನ ಮೇಲೆ ನಾಲ್ಕು ಹಲ್ಲಿನ ಗುರುತಿದೆ. ನಾನು ಬಿಟ್ಟುಬಂದಾಗ ಅವಳಿಗೆ ಇದ್ದದ್ದು ಎರಡೇ. ನಮ್ಮ ಮನೆಯಲ್ಲಿ ತಾಯಿಗೆ ಅಮ್ಮಿ ಅನ್ನುತ್ತೇವೆ, ಸೂಗಿ. ಯವ್ವಾ ಅನ್ನುವುದು ನಿನ್ನ ಮನೆಯಲ್ಲಿ. ನೀನು ಅದನ್ನು ಗಮನಿಸದೆಯೇ ಬರೆದಿದ್ದೀಯ, ಅಂದರೆ ಅದು ಈಗ ದಿನದ ಮಾತಾಗಿದೆ. ನನ್ನ ಕರಾರು ಮುಗಿಯಲು ಇನ್ನೂ ಹದಿಮೂರು ತಿಂಗಳಿದೆ. ಅವಳನ್ನು ತಿದ್ದಬೇಡ. ಕರೆದಾಗ ಓಗೊಡು.