ಅಮ್ಮನ ಹೆಸರಿನ ಕಲ್ಲು

ಉರ್ವ, ಮಂಗಳೂರು
೧೫-೨-೧೯೮೨

ಪ್ರೀತಿಯ ಸೊಸೆ ಸ್ನೇಹಲತಾಳಿಗೆ ಮಾವನ ಆಶೀರ್ವಾದಗಳು.

ಆರೋಗ್ಯ ಹೇಗಿದೆ? ವೆನಿಸ್ಸಿನ ಚಳಿಗೆ ಕೆಮ್ಮು ಹಿಡಿದಿದೆ ಎಂದು ಬರೆದಿದ್ದೆ, ಕಡಿಮೆಯಾಯಿತೇ? ಕಾಳುಮೆಣಸಿನ ಕಷಾಯ ಮಾಡಿ ಕುಡಿಯಬೇಕೆಂದು ನಿನ್ನ ಅತ್ತೆಯ ಅಪ್ಪಣೆ. ಇಲ್ಲಿ ಎಲ್ಲರೂ ಕ್ಷೇಮ. ಮಗ ಮೋಹನದಾಸ ಪಣಂಬೂರಿನ ಕೆಲಸ ಮುಗಿಸಿ ಬಂದು ವಿನೋದಾಳಿಗೆ ಕಥೆ ಹೇಳುತ್ತಾನೆ. ಅವಳೀಗ ಮೀನಿನ ಮುಳ್ಳು ತಾನೇ ಬಿಡಿಸಿಕೊಳ್ಳುತ್ತಾಳೆ. ಅಮ್ಮ ಎಲ್ಲಿ ಎಂದು ಯಾರಾದರೂ ಕೇಳಿದರೆ, "ಕಲ್ಲಿಗೆ ಸ್ನಾನ ಮಾಡಿಸ್ಲಿಕ್ಕೆ ಹೋಗಿದ್ದಾಳೆ" ಎನ್ನುತ್ತಾಳೆ. ನಾಲ್ಕು ವರ್ಷದ ಮಗುವನ್ನು ಬಿಟ್ಟು ಕಲ್ಲು ತೊಳೆಯುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕೇ ಎಂದು ನೀನು ಹೊರಡುವಾಗ ಸಿಡುಕಿದವನು ನಾನು. ಇನ್ನೂ ಆರು ತಿಂಗಳು ಇರಲು ಅಲ್ಲಿಯವರು ಕೇಳಿದ್ದಾರೆಂಬ ನಿನ್ನ ಪತ್ರ ಬಂದ ದಿನ ಊಟ ಬಿಟ್ಟು ಎದ್ದದ್ದೂ ನಿಜ.

ಈಗ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ನನ್ನ ಅಮ್ಮ ಜಾಗ ಕೊಟ್ಟ ಶಾಲೆಗೆ ಈ ತಿಂಗಳ ಕೊನೆಗೆ ಐವತ್ತು ವರ್ಷ ತುಂಬುತ್ತದೆ. ಬಾಗಿಲ ಪಕ್ಕ ಅವಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕ ಇದೆಯಲ್ಲ, ಅದು ಮಳೆಗೆ, ಪಾಚಿಗೆ ಕರ್ರಗಾಗಿತ್ತು. ಸಮಾರಂಭಕ್ಕೆ ಬೆಳ್ಳಗಾಗಲಿ ಎಂದು ಕಕ್ಕಸು ತೊಳೆಯುವ ಆಸಿಡ್ ತರಿಸಿ ನಾನೇ ಸುರಿದೆ. ಬುರಬುರನೆ ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಹಿಗ್ಗಿದೆ. ಕಾವಲುಗಾರ ಇಸಿದೋರ್ ಬಗ್ಗಿ ನೋಡಿ ಮೆಲ್ಲಗೆ ಹೇಳಿದ: "ಕೊಳೆ ಅಲ್ಲ ಧನಿ, ಕಲ್ಲೇ ಹೋಗ್ತಾ ಉಂಟು." ಇಬ್ಬರೂ ಬಕೆಟ್‌ಗಟ್ಟಲೆ ನೀರು ಹೊಯ್ದೆವು. ಅಷ್ಟರಲ್ಲಿ 'ಗುಣವತಿ'ಯ ಮೊದಲ ಅಕ್ಷರವೇ ಕರಗಿಹೋಗಿತ್ತು. ಬೆರಳಿಟ್ಟರೆ ನುಣ್ಣಗೆ. ಐವತ್ತು ಮಳೆಗಾಲ ಮಾಡದ್ದನ್ನು ಅವಳ ಮಗ ಮಾಡಿದ. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ, ಸ್ನೇಹಾ.

ಮನೆಗೆ ಬಂದು ನಿನ್ನ ಹಳೆಯ ಪತ್ರ ಹುಡುಕಿ ಓದಿದೆ. ನೀವು ಅಲ್ಲಿ ಕಲ್ಲು ತೊಳೆಯುವುದು ಲೇಸರ್ ಎಂಬ ತೀಕ್ಷ್ಣ ಬೆಳಕಿನಿಂದ; ಕಲ್ಲಿನ ಮೇಲಿನ ಕಪ್ಪು ಪದರ ಆ ಬೆಳಕನ್ನು ಹೀರಿ, ಕಾದು ಸಿಡಿದುಹೋಗುತ್ತದೆ. ಅಡಿಯ ಬಿಳಿ ಕಲ್ಲು ಆ ಬೆಳಕನ್ನು ಹಿಂದಕ್ಕೆ ಕಳುಹಿಸುವುದರಿಂದ ಅದಕ್ಕೇನೂ ಆಗುವುದಿಲ್ಲ ಎಂದು ನೀನು ಬರೆದಿದ್ದೆ. ಮೊದಲ ಸಲ ಓದಿದಾಗ ನಕ್ಕಿದ್ದೆ. ಮರುದಿನ ಶಾಲೆಯ ಸಮಿತಿಯವರು ಫಲಕ ಕಿತ್ತು ಹೊಸ ಕಲ್ಲು ಹಾಕುವ ಎಂದರು. ನನ್ನ ಸೊಸೆ ಬಂದು ನೋಡುವವರೆಗೆ ಯಾರೂ ಮುಟ್ಟಬಾರದು ಎಂದೆ. ಸೊಸೆ ಬೆಳಕಿನ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಾಳಾ ಎಂದು ಒಬ್ಬರು ತಮಾಷೆ ಮಾಡಿದರು. "ಯಂತ್ರ ಬಾರದಿದ್ದರೂ ಅಡ್ಡಿಯಿಲ್ಲ, ಎಲ್ಲಿ ಕೈ ನಿಲ್ಲಿಸ್ಬೇಕೂಂತ ಅವಳಿಗೆ ಗೊತ್ತುಂಟು" ಎಂದೆ. ನಿನ್ನ ಪರವಾಗಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದು ನನಗೇ ಹೊಸತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಂತ್ರದ ಮುಂದೆ ಕನ್ನಡಕ ಹಾಕಲು ಮರೆಯಬೇಡ. ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ. ವಿನೋದಾಳ ಮುತ್ತುಗಳು.

ನಿನ್ನ ಮಾವ,
ಲೋಕನಾಥ

ವಿ.ಸೂ.: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು. ಕೂಡಲೇ ಹೊರಟು ಬಾ ಎಂದು ಮೋಹನದಾಸ ನಿನಗೆ ಬರೆದ ಕಾಗದವನ್ನು ಪೋಸ್ಟ್ ಮಾಡಲು ನನಗೆ ಕೊಟ್ಟಿದ್ದ. ಬರೆಸಿದವನು ನಾನೇ. ಇವತ್ತು ಅದನ್ನು ಅವನಿಗೇ ಹಿಂದೆ ಕೊಟ್ಟೆ. ಅವನ ಮುಖವೂ ಹಗುರಾಯಿತು. ಆರು ತಿಂಗಳು ಇದ್ದು ಕಲಿತೇ ಬಾ, ಮಗಳೇ. ವಿನೋದಾಳ ಜಡೆ ಹೆಣೆಯುವುದನ್ನು ನಾನು ಕಲಿಯುತ್ತಿದ್ದೇನೆ.