ನುಡಿಗಾರನಿಗೊಬ್ಬ ನುಡಿಗಾರ

ಬೊನ್ಸುಕ್ರೊಂ
ಏಪ್ರಿಲ್ ೧೬, ೨೦೩೪

ಪ್ರೀತಿಯ ನಾದಿನಿ ಕೊನಾಡು,

ಟಕೊರಾಡಿಯಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನೀನು ಕಳಿಸಿದ ಒಣಮೀನು ಬಂದು ಸಾರಾಗಿ ಹೊಟ್ಟೆ ಸೇರಿ ಎಷ್ಟೋ ದಿನವಾಯಿತು. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಫೋನ್ ಮಾಡೋಣವೆಂದರೆ ನಿನ್ನಣ್ಣ ಪಕ್ಕದಲ್ಲೇ ಕೂತಿರುತ್ತಾರೆ. ಹೊಗಳಿದರೆ ಉಬ್ಬುತ್ತಾರೆ, ದೂರಿದರೆ ಮುಖ ಸಣ್ಣ ಮಾಡುತ್ತಾರೆ. ಅದಕ್ಕೇ ಈ ಕಾಗದ.

ಮೊದಲು ಸಿಹಿ ಸುದ್ದಿ. ನಿನ್ನಣ್ಣ ಒಡೂರೊ ಮತ್ತೆ ದೊರೆಯ ಪಕ್ಕದಲ್ಲಿ ನುಡಿಗಾರನ ಚಿನ್ನದ ಹಿಡಿಯ ಕೋಲು ಹಿಡಿದು, ದೊರೆ ಕಿವಿಯಲ್ಲಿ ಅಂದದ್ದನ್ನು ಸಭೆಗೆ ಚಂದ ಮಾಡಿ ಹೇಳಲು ನಿಂತರು. ಲಕ್ವ ಹೊಡೆದು ನಾಲಿಗೆ ಬಿದ್ದುಹೋದ ದಿನದಿಂದ ಆ ಕೋಲು ಅರಮನೆಯ ಮೂಲೆಯಲ್ಲೇ ಒರಗಿತ್ತು. ಹಿರಿಯ ಬಾಫೊ ಅದನ್ನು ತನ್ನ ಅಳಿಯನಿಗೆ ಕೊಡಿಸಲು ಎಷ್ಟು ಓಡಾಡಿದನೆಂದು ನಿನಗೆ ಗೊತ್ತೇ ಇದೆ. ಕೋಲು ಹೋಗಿದ್ದರೆ ನಿನ್ನಣ್ಣ ಬದುಕಿ ಉಳಿಯುತ್ತಿರಲಿಲ್ಲ, ಇದು ನನ್ನ ಖಂಡಿತವಾದ ಮಾತು.

ಕುಮಾಸಿಯ ಡಾಕ್ಟರುಗಳು ನಿನ್ನಣ್ಣನ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಇಟ್ಟರಲ್ಲ, ಅವರು ಹೇಳಬೇಕೆಂದುಕೊಂಡದ್ದನ್ನು ಅದು ಹಿಡಿಯುತ್ತದೆ. ಎದೆಗೆ ತೂಗುಹಾಕಿದ ಡಬ್ಬಿಯಲ್ಲಿರುವ ಕೃತಕ ಬುದ್ಧಿ ಅದನ್ನು ಪೂರ್ತಿ ವಾಕ್ಯ ಮಾಡಿ, ಅವರದೇ ಹಳೆಯ ದನಿಯಲ್ಲಿ ನುಡಿಯುತ್ತದೆ. ರೇಡಿಯೊದವರು ಹಬ್ಬಗಳಲ್ಲಿ ಹಿಡಿದಿಟ್ಟಿದ್ದ ಅವರ ಭಾಷಣಗಳನ್ನೆಲ್ಲ ಕೇಳಿಸಿ, ಮಾನ್ಸಾ ಎಂಬ ಇಂಜಿನಿಯರ್ ಹುಡುಗಿ ಅದಕ್ಕೆ ಮಾತು ಕಲಿಸಿದಳು. ಜಾಣೆ, ಆದರೆ ಫುಫು ಮುದ್ದೆಯನ್ನು ಚಮಚದಲ್ಲಿ ತಿನ್ನುತ್ತಾಳೆ.

ಕಳೆದ ಭಾನುವಾರದ ಸಭೆಗೆ ಪಕ್ಕದೂರಿನ ಹಿರಿಯರು ಬಂದಿದ್ದರು. ನಮ್ಮ ಸಂತೆಯ ದಿನವೇ ತಮ್ಮೂರಲ್ಲೂ ಸಂತೆ ಹೂಡುತ್ತಾರಂತೆ. ದೊರೆಗೆ ಮೈಯೆಲ್ಲ ಉರಿದು, ನಿನ್ನಣ್ಣನ ಕಿವಿಯಲ್ಲಿ, "ಈ ಕಳ್ಳ ನನ್ಮಕ್ಳನ್ನ ಎಬ್ಸಿ ಓಡ್ಸು" ಎಂದರು. ಹೆಂಗಸರ ಸಾಲಿನಲ್ಲಿದ್ದ ನನಗೂ ಕೇಳಿಸಿತು. ನಿನ್ನಣ್ಣ ಕಣ್ಣು ಮುಚ್ಚಿದರು.

ಆಮೇಲೆ ಬಂತು ನೋಡು ಆ ದನಿ: "ನಮ್ಮ ದೊರೆ ಕೇಳುತ್ತಾರೆ, ಸಂತೆಯ ದಿನ ನಮ್ಮ ಬುಟ್ಟಿಗಳು ನಿಮ್ಮ ದಾರಿಯನ್ನೇ ಕಾಯುತ್ತವೆ. ಅಂದೇ ನೀವೂ ಸಂತೆ ಹೂಡಿದರೆ ಅವು ಯಾರ ದಾರಿ ಕಾಯಬೇಕು?"

ಬಂದವರು ತಲೆ ತಗ್ಗಿಸಿದರು. ಬಾಫೊ ಮಾತ್ರ ಎದ್ದುನಿಂತ. "ದೊರೆ ಮಾತು ಮನುಷ್ಯನ ನಾಲ್ಗೆ ಮೇಲೇ ಹಾದು ಬರ್ಬೇಕು. ಇದನ್ನ ಚಂದ ಮಾಡಿದ್ದು ಒಡೂರೊನೋ, ಅವನ ಡಬ್ಬೀನೋ? ಇವತ್ತೇ ತೀರ್ಮಾನ ಆಗ್ಲಿ" ಎಂದ. ಕೆಲವರು ಹೂಂಗುಟ್ಟಿದರು. ಕೋಲು ಹೋಯಿತೆಂದೇ ನಾನು ತಿಳಿದೆ.

ನಿನ್ನಣ್ಣ ಅವಸರಪಡಲಿಲ್ಲ. "ಹಿರಿಯರೇ," ಎಂದಿತು ಡಬ್ಬಿ, "ಇಷ್ಟು ವರ್ಷ ದೊರೆ ಸಿಟ್ಟಿನಲ್ಲಿ ಆಡಿದ್ದನ್ನು ನಾನು ಜೇನಿನಲ್ಲಿ ಅದ್ದಿ ನಿಮಗೆ ಕೊಟ್ಟೆ. ಅದು ದೊರೆಯ ಮಾತೋ ಒಡೂರೊನ ಮಾತೋ ಎಂದು ನೀವು ಕೇಳಲಿಲ್ಲ. ಕೇಳಿದ್ದರೆ ನಿಮ್ಮ ಬಗ್ಗೆ ದೊರೆ ನಿಜವಾಗಿ ಏನೆಂದರೆಂದು ಹೇಳಬೇಕಾಗುತ್ತಿತ್ತು. ನಾನು ದೊರೆಯ ನುಡಿಗಾರ. ಈಗ ನನಗೂ ಒಬ್ಬ ನುಡಿಗಾರ ಸಿಕ್ಕಿದ್ದಾನೆ, ಅಷ್ಟೇ."

ದೊರೆ ತೊಡೆ ತಟ್ಟಿಕೊಂಡು ನಕ್ಕರು. ಸಭೆಗೆ ಸಭೆಯೇ ನಕ್ಕಿತು. ಬಾಫೊ ಕೂಡ ಹಲ್ಲು ಕಿರಿಯಬೇಕಾಯಿತು. ಕೋಲು ನಿನ್ನಣ್ಣನ ಕೈಯಲ್ಲೇ ಉಳಿಯಿತು. ನಾನು ಆ ದಿನ ಉಟ್ಟಿದ್ದ ನೀಲಿ ಕೆಂಟೆ ಬಟ್ಟೆಯನ್ನು ಇನ್ನೂ ಮಡಚಿಟ್ಟಿಲ್ಲ. ಇಂಥವರ ಹೆಂಡತಿ ನಾನು ಎಂದು ಬೀದಿಯಲ್ಲಿ ಬೇಕೆಂದೇ ಎರಡು ಸುತ್ತು ಜಾಸ್ತಿ ಹಾಕಿ ಬಂದೆ.

ಮಾನ್ಸಾ ಊಟಕ್ಕೆ ಕೂತಾಗ ಹೇಳಿದಳು: "ಅಮ್ಮಾ, ಮುಂದೆ ಎಲ್ಲರ ತಲೇಲೂ ಇದಿರುತ್ತೆ. ಮನುಷ್ಯ ಎಲ್ಲಿ ಮುಗೀತಾನೆ, ಯಂತ್ರ ಎಲ್ಲಿ ಶುರುವಾಗುತ್ತೆ ಅಂತ ಯಾರೂ ಕೇಳಲ್ಲ."

"ನಿಮಗೆ ಹೊಸದು ಕಣಮ್ಮ," ಎಂದೆ ನಾನು. "ನಮ್ಮೂರಲ್ಲಿ ಎರಡು ತಲೆಗೆ ಒಂದೇ ನಾಲಿಗೆ ಅನ್ನೋದು ನಮ್ಮಜ್ಜನ ಕಾಲದಿಂದ ಇದೆ. ಮೊದ್ಲು ಕೈಯಲ್ಲಿ ತಿನ್ನೋದು ಕಲಿ."

ನಿನ್ನ ಮೊಣಕಾಲು ನೋವು ವಾಸಿಯಾಗಲಿ. ಮಕ್ಕಳು ಓದಿ ದೊಡ್ಡವರಾಗಲಿ, ನಿನ್ನ ಅಂಗಡಿಗೆ ಗಿರಾಕಿಗಳು ಬರುತ್ತಿರಲಿ. ನಮ್ಮ ಹಿರಿಯರು ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತಿಗೆ,
ಸೆವಾ

ತಾ.ಕ.: ಒಂದು ಮಾತು ಬರೆಯದೆ ಹೋದರೆ ನಿದ್ದೆ ಬಾರದು. ಹಬ್ಬದ ಭಾಷಣ ಬಿಟ್ಟು ಬೇರೇನನ್ನೂ ಆ ಡಬ್ಬಿಗೆ ಕೇಳಿಸಿಲ್ಲ. ಮನೆಯಲ್ಲಿ ನಿನ್ನಣ್ಣ ಮಾತಾಡಿದ್ದನ್ನು ಯಾರು ತಾನೇ ರೆಕಾರ್ಡ್ ಮಾಡಿದ್ದರು? ನೆನ್ನೆ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಬಾಯಿಗಿಟ್ಟವರೇ ಮುಖ ಕಿವುಚಿ, ಕಣ್ಣು ಕೆಂಪು ಮಾಡಿ ನನ್ನನ್ನು ನೋಡಿದರು. ಮೊದಲಾಗಿದ್ದರೆ, "ಏ ಗೂಬೆ, ಉಪ್ಪನ್ನೆಲ್ಲ ತವರಿಗೆ ಕಳಿಸ್ಬಿಟ್ಯಾ?" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು. ಡಬ್ಬಿ ಹೇಳಿತು: "ಪೂಜ್ಯ ಮಾತೆಯೇ, ನಿಮ್ಮ ಕೈಯಡುಗೆಯಿಂದ ನಾವು ತೃಪ್ತರಾಗಿದ್ದೇವೆ." ಅವರು ತಲೆ ಅಲ್ಲಾಡಿಸಿ ಮತ್ತೆ ಪ್ರಯತ್ನಿಸಿದರು. ಅದು ಇನ್ನೂ ಚಂದ ಮಾಡಿತು. ಕೊನೆಗೆ ತಟ್ಟೆ ಸರಿಸಿ ಅತ್ತರು. ನಾನೂ ಅತ್ತೆ. ನನ್ನ ಗಂಡ ನನ್ನನ್ನು ಪಕ್ಕದೂರಿನ ದೊರೆಯನ್ನು ಕಂಡ ಹಾಗೆ ಮಾತಾಡಿಸುತ್ತಾರೆ ಕೊನಾಡು, ನನಗಿದು ಸಾಕಾಗಿದೆ. ಮನೆಯ ಮಾತು ಚೂರು ಸಿಕ್ಕರೂ ಕಲಿಸಬಹುದು ಎನ್ನುತ್ತಾಳೆ ಮಾನ್ಸಾ. ಅವರು ನಿನಗೆ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ನಿನ್ನ ಹಳೆಯ ಫೋನಿನಲ್ಲಿ ಉಳಿದಿವೆಯೇ ಹುಡುಕು. ಮಧ್ಯದಲ್ಲೆಲ್ಲಾದರೂ ನನ್ನ ಕಡೆ ತಿರುಗಿ ಬೈದದ್ದಿದ್ದರೆ ಅದನ್ನು ಕಳಿಸು. ಎಷ್ಟು ಕೆಟ್ಟ ಬೈಗುಳವಾದರೂ ಸರಿ, ಒಂದನ್ನೂ ಅಳಿಸಬೇಡ.