ಹಲಗೆಯ ದಪ್ಪ

ಮಾರ್ಚ್ 19, ಬುಧವಾರ

ಇವತ್ತೂ ಅದೇ ಕಥೆ. ಹಲಗೆಯನ್ನು ಎರಡಡಿಗೆ ಕೊಯ್ಯಿರಿ ಅಂದರೆ ಎರಡಡಿ ಅರ್ಧ ಇಂಚಿಗೆ ಕೊಯ್ದಿಟ್ಟೆ. ಇಪ್ಪತ್ತು ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಕೈ... ಹೊಲಿಗೆಗೆ ಅಂಚು ಬಿಡದಿದ್ದರೆ ಅದಕ್ಕೆ ಸಮಾಧಾನವೇ ಇಲ್ಲ.

ಮೇಸ್ತ್ರಿ ತುಂಡನ್ನು ಹಿಂದೆ ಮುಂದೆ ತಿರುಗಿಸಿದರು. "ಅಕ್ಕಾ, ಇದನ್ನೇನು ಮಡಚಿ ಹೊಲಿಯೋಣ್ವಾ?"

ನಗು ಬಂತು. ಸಿಟ್ಟೂ ಬಂತು, ನನ್ನ ಮೇಲೆಯೇ. ಮೇಸ್ತ್ರಿ ಅಂದರೆ ಮೂವತ್ತೊಂದರ ಹುಡುಗಿ. ನನಗೆ ನಲವತ್ತನಾಲ್ಕು. ಮೊದಲ ದಿನ 'ನೀವು' ಅನ್ನಲು ನಾಲಿಗೆ ಹೊರಳಿರಲಿಲ್ಲ. ಈಗ ಅವರು ಕೀಸುಳಿ ಹಿಡಿದು ಮರ ಹೆರೆಯತೊಡಗಿದರೆ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತೇನೆ. ಹಲಗೆಯ ಈ ತುದಿಯಿಂದ ಆ ತುದಿಗೆ ಒಂದೇ ಸುರುಳಿ, ಕಾಗದಕ್ಕಿಂತ ತೆಳು, ಎಲ್ಲೂ ಹರಿಯುವುದಿಲ್ಲ. ಬಹುವಚನ ತಾನಾಗಿಯೇ ಬಂತು.

ಮೇ 31ಕ್ಕೆ ಮೂರು ತಿಂಗಳ ಟ್ರಯಲ್ ಮುಗಿಯುತ್ತದೆ. ಮೇಸ್ತ್ರಿ ಸೈನ್ ಹಾಕಿದರೆ ಎರಡು ವರ್ಷ ಅಪ್ರೆಂಟಿಸ್. ಸಂಬಳ ತೆಗೆದುಕೊಂಡೇ ಕಲಿಯಬಹುದು! ಹಾಕದಿದ್ದರೆ ಮತ್ತೆ ಮನೆಯಲ್ಲಿ ಕೂತು ಜಿಪ್ ರಿಪೇರಿ. ಆ ಜಿಪ್‌ಗಳನ್ನು ನೆನೆಸಿಕೊಂಡರೇ ಮೈ ಉರಿಯುತ್ತದೆ.

ಮಾರ್ಚ್ 29, ಸಂಜೆ

ನಾನು ಮಾಡಿದ ಮೊದಲ ಸ್ಟೂಲು ಮನೆಗೆ ಬಂತು. ಅತ್ತೆ ಕೂತರು. ಎದ್ದರು. ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು.

"ಅಲ್ಲಾಡ್ತಾನೇ ಇಲ್ವಲ್ಲೇ!"

ಬೈಯಲು ಕಾರಣ ಸಿಗದೆ ಬೇಸರವಾದಂತಿತ್ತು. ಆಮೇಲೆ ಪಕ್ಕದ ಮನೆಯವಳನ್ನು ಕರೆದು ತೋರಿಸಿದರು. ನಾನು ಒಳಗಿದ್ದೆ, ಕೇಳಿಸಿತು: "ನಮ್ಮ ಸೊಸೆ ಮಾಡಿದ್ದು. ಮೊಳೆ ಇಲ್ಲ ಗೊತ್ತಾ, ಒಂದೂ ಇಲ್ಲ."

ಏಪ್ರಿಲ್ 16

ವರ್ಕ್‌ಶಾಪಿನ ಹಿಂದೆಯೇ ಮೇಸ್ತ್ರಿಯ ಮನೆ. ಅಟ್ಟದಿಂದ ಗೋಂದಿನ ಡಬ್ಬ ತರಲು ಹೋಗಿ ಮೊದಲ ಮೆಟ್ಟಿಲಿಗೇ ಎಡವಿದೆ. ಹೆಬ್ಬೆರಳು ಚಚ್ಚಿಹೋಯಿತು.

"ಅಲ್ಲಿ ಎಲ್ರೂ ಎಡವ್ತಾರೆ ಬಿಡಿ" ಎಂದರು ಮೇಸ್ತ್ರಿ, ಬೇರೆಲ್ಲೋ ನೋಡುತ್ತಾ.

ಅವರ ಅಪ್ಪ ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮಗಳಿಗೆ ಕೆಲಸ ಕಲಿಸಿದವರು ಅವರೇ. ಈಗ ಕೈ ನಡುಗುತ್ತದೆ, ಉಳಿ ಮುಟ್ಟುವುದಿಲ್ಲ. ಕನ್ನಡಕದ ಮೇಲಿಂದ ಮಗಳನ್ನು ಒಂದು ಸಲ ನೋಡಿ ಮತ್ತೆ ಪೇಪರ್ ಎತ್ತಿಕೊಂಡರು.

ಮೇ 5, ಸೋಮವಾರ

ಪುಸ್ತಕದಂಗಡಿಯ ಅಟ್ಟಕ್ಕೆ ಮರದ ಮೆಟ್ಟಿಲು. ಗುರುತು ಹಾಕುವುದು, ಕೊಯ್ಯುವುದು, ಕೂರಿಸುವುದು—ಎಲ್ಲಾ ನಾನೇ!! ಮೇಸ್ತ್ರಿಯೇ ಹೇಳಿದ್ದು. ಇದನ್ನು ನೋಡಿಯೇ ಸೈನ್.

ಅಂಗಡಿಯವರಿಗೆ ಎಪ್ಪತ್ತರ ಮೇಲೆ. ಎದೆಗವಚಿ ಹಿಡಿದ ಪುಸ್ತಕ ಗಲ್ಲ ಮುಟ್ಟುತ್ತದೆ, ಕಾಲು ಕಾಣುವುದಿಲ್ಲ.

"ಅದಕ್ಕೇ ಎಲ್ಲಾ ಮೆಟ್ಲೂ ಒಂದೇ ಎತ್ತರ ಇರ್ಬೇಕು" ಎಂದರು ಮೇಸ್ತ್ರಿ. "ಕಾಲು ಎರಡು ಹೆಜ್ಜೇಲಿ ಲೆಕ್ಕ ಕಲಿಯುತ್ತೆ. ಆಮೇಲೆ ಅದೇ ನಂಬಿಕೆ ಮೇಲೆ ಹೋಗ್ತಿರುತ್ತೆ. ನಾವು ಆ ನಂಬಿಕೆ ಕೆಡಿಸ್ಬಾರ್ದು."

ಎಷ್ಟು ಚೆನ್ನಾಗಿ ಹೇಳುತ್ತಾರೆ! ಹದಿಮೂರು ಮೆಟ್ಟಿಲು, ಹದಿನಾಲ್ಕನೇ ಹೆಜ್ಜೆ ಅಟ್ಟದ ಮೇಲೆ. ತಲಾ ಏಳಿಂಚು.

ಮೇ 14

ನಿಂತಿತು! ಎರಡು ಪಕ್ಕದ ಹಲಗೆ ಹಲ್ಲುಹಲ್ಲಾಗಿ ಕೊಯ್ದು, ಒಂದೊಂದು ಹಲ್ಲಿನ ಮೇಲೂ ಒಂದಿಂಚು ದಪ್ಪದ ಹಲಗೆ ಕೂರಿಸಿದೆ. ಈ ಸಲ ಅಂಚು ಗಿಂಚು ಏನೂ ಬಿಟ್ಟಿಲ್ಲ. ಗೆರೆಗೆ ಸರಿಯಾಗಿ ಕೊಯ್ದಿದ್ದೇನೆ.

ಮೇ 15, ಮಧ್ಯಾಹ್ನ

ಅಂಗಡಿಯವರು ಊಟಕ್ಕೆ ಹೋಗಿದ್ದರು. ಮೇಸ್ತ್ರಿ ಮರ ತರಲು ಡಿಪೋಗೆ. ಆಸೆ ತಡೆಯಲಾರದೆ ಗಲ್ಲದ ತನಕ ಪುಸ್ತಕ ಹೊತ್ತು ಹತ್ತಿದೆ.

ಮೊದಲ ಮೆಟ್ಟಿಲಿಗೇ ಬೆರಳು ಬಡಿಯಿತು. ನನ್ನದೇ ಅವಸರ ಅಂದುಕೊಂಡೆ. ಕೊನೆಯ ಹೆಜ್ಜೆ ಅಟ್ಟದ ಮೇಲೆ ಧೊಪ್ ಎಂದು ಬಿತ್ತು. ಪುಸ್ತಕ ಚೆಲ್ಲಾಪಿಲ್ಲಿ. ಟೇಪ್ ಹಿಡಿದೆ. ಕೆಳಗಿನದು ಎಂಟಿಂಚು. ನಡುವಿನವು ಏಳು. ಮೇಲಿನದು ಆರು.

ಬಟ್ಟೆಗೆ ದಪ್ಪ ಇರುವುದಿಲ್ಲ, ಹಲಗೆಗೆ ಇರುತ್ತದೆ. ಹಲ್ಲನ್ನು ಏಳಿಂಚಿಗೆ ಕೊಯ್ದೆ, ಅದರ ಮೇಲೆ ಕೂರುವ ಹಲಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎಲ್ಲಾ ಮೆಟ್ಟಿಲೂ ಒಂದಿಂಚು ಮೇಲೆದ್ದವು: ನೆಲದಿಂದ ಒಂದಿಂಚು ಜಾಸ್ತಿ, ಅಟ್ಟಕ್ಕೆ ಒಂದಿಂಚು ಕಮ್ಮಿ. ದರ್ಜಿ ಬುದ್ಧಿ!

ಯಾರೂ ನೋಡಿಲ್ಲ. ಅಂಗಡಿಯವರಿಗೆ ನಿಧಾನವಾಗಿ ಅಭ್ಯಾಸವಾಗುತ್ತದೆ. ಹೇಳಿದರೆ ಸೈನ್ ಹೋಯಿತು. ಹೇಳದಿದ್ದರೆ... ಪುಸ್ತಕ ಎತ್ತಿ ಜೋಡಿಸಿ ಸುಮ್ಮನೆ ಕೂತಿದ್ದೇನೆ. ಆ ಮುದುಕರ ಕಾಲು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮೇ 16

ಹೇಳಿಬಿಟ್ಟೆ. ಬೆಳಿಗ್ಗೆ ವರ್ಕ್‌ಶಾಪಿನ ಬಾಗಿಲು ತೆಗೆದ ಕೂಡಲೇ.

"ಮೇಸ್ತ್ರಿ, ಮೊದಲನೇ ಮೆಟ್ಲು ಒಂದಿಂಚು ಜಾಸ್ತಿ ಆಗಿದೆ. ಕೊನೇದು ಒಂದಿಂಚು ಕಮ್ಮಿ. ಹಲಗೆ ದಪ್ಪ ಕಳೀಲಿಲ್ಲ ನಾನು."

ಮೇಸ್ತ್ರಿ ಅಂಗಡಿಗೆ ಬಂದು, ಪುಸ್ತಕ ಹೊತ್ತು, ತಾವೇ ಹತ್ತಿದರು. ಎಡವಿದರು. ಮೇಲೆ ಹೋಗಿ ಅಟ್ಟದ ಅಂಚಿನಲ್ಲಿ ಕೂತುಬಿಟ್ಟರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ನೀವು ಹಾಕಿದ ಗೆರೆ ನೋಡಿ ಹೂಂ ಅಂದೋಳು ನಾನೇ ತಾನೇ? ನಂಗೂ ಕಾಣ್ಲಿಲ್ಲ." ಹೊತ್ತಿದ್ದ ಪುಸ್ತಕ ಪಕ್ಕಕ್ಕಿಟ್ಟು, "ನಮ್ಮನೆ ಮೆಟ್ಲಿಗೆ ಎಡವಿದ್ರಲ್ಲ ಅಕ್ಕಾ... ಅದು ನಾನು ಹತ್ತೊಂಬತ್ತನೇ ವಯಸ್ಸಲ್ಲಿ ಮಾಡಿದ್ದು. ಇದೇ ತಪ್ಪು. ಮಾರನೇ ದಿನಾನೇ ಗೊತ್ತಾಯ್ತು. ಅಪ್ಪಂಗೆ ಹೇಳೋಕೆ ಬಾಯೇ ಬರ್ಲಿಲ್ಲ. ಹನ್ನೆರಡು ವರ್ಷ ಆಯ್ತು, ಇನ್ನೂ ಹೇಳಿಲ್ಲ."

ಆ ಕೈಯಿಂದಲೂ ಇದೇ ತಪ್ಪಾಗಿತ್ತೇ? ಅದನ್ನು ನನ್ನ ಮುಂದೆ ಒಪ್ಪಿಕೊಂಡರಲ್ಲ! ಕೀಸುಳಿ ಹಿಡಿದಾಗಲೂ ಅಷ್ಟು ದೊಡ್ಡವರಾಗಿ ಕಂಡಿರಲಿಲ್ಲ ಅವರು.

"ಏಳಿ ಅಕ್ಕಾ, ಮುಖ ಸಪ್ಪೆ ಮಾಡ್ಕೋಬೇಡಿ. ಬುಡದಲ್ಲಿ ಒಂದಿಂಚು ಕೊಯ್ದರೆ ಇಡೀ ಮೆಟ್ಲು ಒಂದಿಂಚು ಇಳಿಯುತ್ತೆ. ಕೆಳಗಿಂದೂ ಏಳು, ಮೇಲಿಂದೂ ಏಳು."

ಅಷ್ಟೇ! ಬಿಚ್ಚಿ, ಕೊಯ್ದು, ಮತ್ತೆ ನಿಲ್ಲಿಸಲು ಅರ್ಧ ದಿನ ಹಿಡಿಯಿತು. ಸೈನ್ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ ಅವರು.

ಮೇ 31, ಶನಿವಾರ

ಅಂಗಡಿಯವರು ಗಲ್ಲದ ತನಕ ಪುಸ್ತಕ ಹೊತ್ತು ಹತ್ತಿದರು. ತಮ್ಮ ಮೊಮ್ಮಗಳ ತುಂಟಾಟ ಹೇಳುತ್ತಿದ್ದರು. ಕೆಳಗೆ ಶುರುವಾದ ಮಾತು ಅಟ್ಟ ಮುಟ್ಟುವ ತನಕ ಒಮ್ಮೆಯೂ ತಡೆಯಲಿಲ್ಲ. ಮೆಟ್ಟಿಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಪುಣ್ಯಾತ್ಮರು. ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಮೇಸ್ತ್ರಿ ಮೂರನೇ ಮೆಟ್ಟಿಲ ಮೇಲೆ ಕಾಗದ ಇಟ್ಟು ಸೈನ್ ಹಾಕಿದರು. ಅತ್ತುಬಿಟ್ಟೆ. ಹೌದು, ಅತ್ತಿದ್ದೇನೆ, ಏನೀಗ.

"ನಾಳೆ ರಜ ಅಲ್ವಾ? ಗರಗಸ ತಗೊಂಡು ನಮ್ಮನೆಗೆ ಬನ್ನಿ. ಅಪ್ಪಂಗೆ ಹೇಳ್ಬೇಕು. ಒಬ್ಬಳೇ ಆದ್ರೆ ಮತ್ತೆ ಬಾಯಿ ಕಟ್ಟುತ್ತೆ."

ಜೂನ್ 1, ಬೆಳಿಗ್ಗೆ ಹನ್ನೊಂದು

ಮೇಸ್ತ್ರಿಯ ಮನೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ಅಪ್ಪ-ಮಗಳು ಒಳಗಿದ್ದಾರೆ. ಸ್ವಲ್ಪ ಹೊತ್ತು ಅವರನ್ನು ಅವರ ಪಾಡಿಗೆ ಬಿಡೋಣ ಅನ್ನಿಸಿತು.

ಮೇಸ್ತ್ರಿ ಹೇಳಿ ಮುಗಿಸುವ ತನಕ ಅಪ್ಪ ಪೇಪರ್ ಇಳಿಸಲೇ ಇಲ್ಲ. ಆಮೇಲೆ ಮೆಲ್ಲಗೆ ಮಡಚಿಟ್ಟರು.

"ಹನ್ನೆರಡು ವರ್ಷದಿಂದ ದಿನಾ ಕಾಲನ್ನ ಒಂದಿಂಚು ಜಾಸ್ತಿ ಎತ್ತಿ ಇಡ್ತಿದೀನಿ ಕಣಮ್ಮ. ನೀನೇ ಹೇಳ್ಲಿ ಅಂತ."

ನಮ್ಮ ಮೇಸ್ತ್ರಿ, ಇಡೀ ವರ್ಕ್‌ಶಾಪನ್ನು ನಡುಗಿಸುವ ಮೇಸ್ತ್ರಿ, ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ ಕೂತುಬಿಟ್ಟರು. ಅಪ್ಪನ ನಡುಗುವ ಕೈ ಅವರ ತಲೆಯ ಮೇಲಿತ್ತು.

ಕರೆಯುತ್ತಿದ್ದಾರೆ. "ಅಕ್ಕಾ, ಗೆರೆ ನೀವೇ ಹಾಕ್ಬೇಕಂತೆ! ಅಪ್ಪ ನೋಡ್ತಾರಂತೆ!"

ನಾನಾ? ಅವರ ಮುಂದೆಯಾ? ಹಲಗೆಯ ದಪ್ಪ ಇಲ್ಲೂ ಒಂದಿಂಚೇ. ಎರಡು ಸಲ ಅಳೆದಿದ್ದೇನೆ. ಇನ್ನೊಂದು ಸಲ ಅಳೆದು—